ಎಲ್ಲ ತೂಬು ಒಮ್ಮೆಗೇ ತೆರೆಯಬೇಡಿ: ಸಾಫ್ಟ್‌ವೇರ್ ಕೆಲಸ ಕಲಿಸಿದ ಹನ್ನೊಂದು ಪಾಠಗಳು

ಸಿಂಧನೂರು ತಾಲ್ಲೂಕಿನ ಗೊರೇಬಾಳ ನನ್ನೂರು. ಕನ್ನಡ ಮಾಧ್ಯಮದಲ್ಲಿ ಓದಿ, ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಮೊದಲು ಡೆವಲಪರ್ ಆಗಿ, ಆಮೇಲೆ ತಂಡ ನಡೆಸುವವನಾಗಿ ದುಡಿದಿದ್ದೇನೆ. ಈಗ ವರ್ಷದ ಕೆಲವು ತಿಂಗಳು ಊರಿನ ಮನೆಯಿಂದಲೇ ಕೆಲಸ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯಿಂದ ಈ ಕೆಲಸಕ್ಕೆ ಸೇರಿದ ಹುಡುಗರು, ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಮಾತು ಬೇರೆ ಬೇರೆ, ಸಂಕಟ ಒಂದೇ: "ಅಣ್ಣಾ, ಮೂರು ಪ್ರಾಜೆಕ್ಟ್ ಹಚ್ಯಾರ. ದಿನಾ ಹನ್ನೆರಡು ತಾಸು ಕುಂತ್ರೂ ಒಂದೂ ಮುಗಿವಲ್ದು. ನಂಗೇ ಕೆಲಸ ಬರಂಗಿಲ್ಲೇನೋ ಅನಿಸಾಕತ್ತೈತಿ."

ಈ ಕೊನೆಯ ಮಾತು ಕೇಳಿದಾಗ ಸಂಕಟವಾಗುತ್ತದೆ. ಹಾಗೆ ಹೇಳಿದವರಲ್ಲಿ ಬಹಳಷ್ಟು ಮಂದಿ ಚೆನ್ನಾಗಿ ಕೆಲಸ ಬಲ್ಲವರೇ. ಅವರ ಮೇಲೆ ಕೆಲಸ ಬಂದು ಬೀಳುತ್ತಿರುವ ರೀತಿಯಲ್ಲಿ ದೋಷವಿರುತ್ತದೆ. ಅದನ್ನು ಅವರು ತಮ್ಮ ಯೋಗ್ಯತೆಯ ದೋಷ ಎಂದು ತಿಳಿದು ರಾತ್ರಿ ನಿದ್ದೆ ಕಳೆದುಕೊಳ್ಳುತ್ತಾರೆ. ಅವರಿಗೆ ಫೋನಿನಲ್ಲಿ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

1. ಒಂದೇ ಹೊತ್ತಿಗೆ ಎರಡು ಕೆಲಸ ನಡೆಯುವುದಿಲ್ಲ

ಹತ್ತು ಕೆಲಸ ಒಟ್ಟಿಗೆ ಮಾಡುವವರೇ ಜಾಣರು ಎಂಬ ನಂಬಿಕೆ ನಮ್ಮ ಕಚೇರಿಗಳಲ್ಲಿ ಗಟ್ಟಿಯಾಗಿದೆ. ಸಂದರ್ಶನದಲ್ಲೂ "ಮಲ್ಟಿಟಾಸ್ಕಿಂಗ್ ಬರುತ್ತದೆಯೇ" ಎಂದು ಕೇಳುತ್ತಾರೆ. ನಡೆದುಕೊಂಡು ಹೋಗುತ್ತಾ ಮಾತಾಡಬಹುದು; ಆದರೆ ಎರಡು ಬಗ್‌ಗಳನ್ನು ಒಟ್ಟಿಗೆ ಯೋಚಿಸಲು ಮಿದುಳಿಗೆ ಆಗುವುದಿಲ್ಲ. ಅದು ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ಪ್ರತಿ ಜಿಗಿತಕ್ಕೂ ಸಮಯ ತೆರುತ್ತದೆ. ಅಮೆರಿಕದ ರೂಬಿನ್‌ಸ್ಟೈನ್, ಮೇಯರ್, ಇವಾನ್ಸ್ ಎಂಬ ಮನಶ್ಶಾಸ್ತ್ರಜ್ಞರು 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದನ್ನು ಅಳೆದು ತೋರಿಸಿದರು: ಕೆಲಸ ಜಟಿಲವಾದಷ್ಟೂ ಬದಲಾವಣೆಗೆ ತೆರುವ ಸಮಯವೂ ಹೆಚ್ಚು.

2009ರಲ್ಲಿ ಸೋಫಿ ಲೆರಾಯ್ ಎಂಬ ಸಂಶೋಧಕಿ ಇನ್ನೊಂದು ಸಂಗತಿ ಕಂಡುಕೊಂಡರು. ಅರ್ಧಕ್ಕೆ ಬಿಟ್ಟು ಬಂದ ಕೆಲಸದ ಯೋಚನೆ ಹೊಸ ಕೆಲಸದ ಹೊತ್ತಿನಲ್ಲೂ ತಲೆಯಲ್ಲಿ ಉಳಿದಿರುತ್ತದೆ, ಹೊಸ ಕೆಲಸಕ್ಕೆ ಪೂರ್ತಿ ಗಮನ ಸಿಗುವುದಿಲ್ಲ. ಕೋಡ್ ಬರೆಯುವವರಿಗೆ ಇದು ದಿನನಿತ್ಯದ ಅನುಭವ. ಯಾವ ಫಂಕ್ಷನ್ ಯಾವುದನ್ನು ಕರೆಯುತ್ತದೆ, ಯಾವ ಟೇಬಲ್‌ನಲ್ಲಿ ಏನು ಬದಲಾಗುತ್ತದೆ ಎಂಬ ಚಿತ್ರವನ್ನು ತಲೆಯಲ್ಲಿ ಕಟ್ಟಿಕೊಳ್ಳಲು ಅರ್ಧ ತಾಸು ಬೇಕು. "ಒಂದು ನಿಮಿಷ ಬರ್ತೀರಾ?" ಎಂಬ ಒಂದು ಮೆಸೇಜ್ ಸಾಕು, ಆ ಚಿತ್ರ ಕಲಸಿಹೋಗುತ್ತದೆ. ಸಂಜೆಗೆ ಬರುವ ಆಯಾಸದಲ್ಲಿ ಹೀಗೆ ಮತ್ತೆ ಮತ್ತೆ ಕಟ್ಟಿದ್ದರ ಪಾಲು ದೊಡ್ಡದು.

2. ತೆರೆದ ತೂಬುಗಳನ್ನು ಎಣಿಸಿ

ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದವಿದೆ. ನಮ್ಮ ಸೀಮೆಯವರಿಗೆ ಅದರ ಸ್ವಭಾವ ಗೊತ್ತು. ಕಾಲುವೆಯಲ್ಲಿ ನೀರು ಇಷ್ಟೇ ಎಂದಿರುವಾಗ ಮೇಲ್ಭಾಗದಲ್ಲಿ ಕಂಡ ಕಂಡ ತೂಬು ತೆರೆದರೆ ಗೇಜ್ ಬೀಳುತ್ತದೆ, ಕೊನೆ ಭಾಗದ ಮಾನ್ವಿ, ರಾಯಚೂರಿನ ಹೊಲಗಳಿಗೆ ನೀರು ಮುಟ್ಟುವುದಿಲ್ಲ. ಅದಕ್ಕೇ ನೀರು ಕಡಿಮೆ ಇದ್ದ ವರ್ಷ ಆನ್-ಆಫ್ ಪದ್ಧತಿ ತರುತ್ತಾರೆ: ಇಷ್ಟು ದಿನ ಈ ಉಪಕಾಲುವೆಗೆ, ಆಮೇಲೆ ಇನ್ನೊಂದಕ್ಕೆ. ಡೆವಲಪರ್‌ನ ದಿನವೂ ಹೀಗೆಯೇ. ಗಮನ ಎಂಬುದು ಅಳತೆಯ ನೀರು. ಏಳು ಟಿಕೆಟ್ ಒಮ್ಮೆಗೇ ತೆರೆದರೆ ಏಳೂ ಒಣಗುತ್ತವೆ.

ಇದಕ್ಕೆ ಗಣಿತದ ಆಧಾರವೂ ಇದೆ. ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮದ ಪ್ರಕಾರ, ಒಂದು ಕೆಲಸ ಮುಗಿಯಲು ಹಿಡಿಯುವ ಸರಾಸರಿ ಕಾಲ ಎಂದರೆ ಕೈಯಲ್ಲಿರುವ ಕೆಲಸಗಳ ಸಂಖ್ಯೆಯನ್ನು ಮುಗಿಸುವ ವೇಗದಿಂದ ಭಾಗಿಸಿದ್ದು. ವಾರಕ್ಕೆ 5 ಕೆಲಸ ಮುಗಿಸುವ ತಂಡದ ಕೈಯಲ್ಲಿ 10 ಇದ್ದರೆ ಒಂದೊಂದಕ್ಕೆ 2 ವಾರ. 30 ಇದ್ದರೆ 6 ವಾರ. ತಂಡದವರು ಅದೇ ಜನ, ಅದೇ ಬೆವರು. ಗೆರಾಲ್ಡ್ ವೈನ್‌ಬರ್ಗ್ 1992ರಲ್ಲಿ ಕೊಟ್ಟ ಅಂದಾಜು ಇನ್ನೂ ಕಠಿಣ: ಎರಡು ಪ್ರಾಜೆಕ್ಟ್ ಹಿಡಿದವರು ಒಂದೊಂದಕ್ಕೆ ಶೇ 40ರಷ್ಟು ಕೊಡುತ್ತಾರೆ, ಶೇ 20 ಓಡಾಟದಲ್ಲೇ ಹೋಗುತ್ತದೆ, ಮೂರಾದರೆ ಒಂದೊಂದಕ್ಕೆ ಶೇ 20, ಉಳಿದ ಶೇ 40 ನಷ್ಟ. ಇದು ಅನುಭವಿಯ ಲೆಕ್ಕ, ಪ್ರಯೋಗಾಲಯದ ಅಳತೆಯಲ್ಲ. ಆದರೆ ನಾನು ಕಂಡ ತಂಡಗಳ ಅವಸ್ಥೆಗೆ ಹೊಂದುತ್ತದೆ.

ಆದ್ದರಿಂದ ಒಂದು ಮಿತಿ ಹಾಕಿಕೊಳ್ಳಿ. ನಾನು ನಡೆಸುವ ತಂಡದಲ್ಲಿ ಒಬ್ಬರ ಹೆಸರಿನಲ್ಲಿ "ನಡೆಯುತ್ತಿದೆ" ಎಂಬ ಅಂಕಣದಲ್ಲಿ ಎರಡಕ್ಕಿಂತ ಹೆಚ್ಚು ಟಿಕೆಟ್ ಇರುವಂತಿಲ್ಲ: ಒಂದು ಮುಖ್ಯ ಕೆಲಸ, ಅದು ಬೇರೆಯವರ ಉತ್ತರಕ್ಕೆ ಕಾಯುವಾಗ ಕೈಗೆತ್ತಿಕೊಳ್ಳಲು ಇನ್ನೊಂದು ಸಣ್ಣದು. ಮೂರನೆಯದು ಬೇಕೆಂದರೆ ಎರಡರಲ್ಲಿ ಒಂದು ಮುಗಿಯಬೇಕು, ಇಲ್ಲವೇ ಹಿಂದಕ್ಕೆ ಹೋಗಬೇಕು.

3. ಮೊದಲು ಯಾವುದು ಎಂದು ಹೇಳುವ ಬಾಯಿ ಒಂದೇ ಇರಲಿ

ಕಾಲುವೆಗೆ ನೀರು ಬಿಡುವ ಮೊದಲು ನೀರಾವರಿ ಸಲಹಾ ಸಮಿತಿ ಸಭೆ ಸೇರುತ್ತದೆ. ಯಾವ ದಿನದಿಂದ ಯಾವ ದಿನದವರೆಗೆ ಎಷ್ಟು ಎಂದು ಅಲ್ಲಿ ನಿಗದಿಯಾಗುತ್ತದೆ. ತೀರ್ಮಾನದ ಬಗ್ಗೆ ತಕರಾರು ಇರಬಹುದು, ಆದರೆ ತೀರ್ಮಾನ ಎಲ್ಲಿ ಆಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಕಚೇರಿಗಳಲ್ಲಿ ಹೊಸ ಡೆವಲಪರ್‌ಗೆ ನಾಲ್ಕು ಕಡೆಯಿಂದ ಆಜ್ಞೆ ಬರುತ್ತದೆ. ಪ್ರಾಡಕ್ಟ್ ಮ್ಯಾನೇಜರ್ ಒಂದು ಹೇಳುತ್ತಾರೆ, ಸಪೋರ್ಟ್ ತಂಡ ಇನ್ನೊಂದು. ಹಿರಿಯ ಸಹೋದ್ಯೋಗಿ ಚಾಟ್‌ನಲ್ಲಿ ಮತ್ತೊಂದು ಕಳಿಸುತ್ತಾರೆ. ಕ್ಲೈಂಟ್ ಕಾಲ್‌ನಲ್ಲಿ ಮಗದೊಂದು ಏಳುತ್ತದೆ. ಎಲ್ಲವೂ "ಅರ್ಜೆಂಟ್". ಇವುಗಳ ನಡುವೆ ಆರಿಸುವ ಅಧಿಕಾರ ಅವರಿಗಿಲ್ಲ, ಆರಿಸದಿದ್ದರೆ ಬೈಗುಳ ಅವರಿಗೇ. ಒತ್ತಡ ಹುಟ್ಟುವುದು ಇಲ್ಲಿ.

ಪರಿಹಾರ ಸರಳ, ಆದರೆ ಪಟ್ಟು ಬೇಕು. ಯಾರೇ ಕೆಲಸ ಹೇಳಲಿ, ಅದು ಒಂದೇ ಪಟ್ಟಿಗೆ ಸೇರಬೇಕು. ಆ ಪಟ್ಟಿಯನ್ನು ಮೇಲಿನಿಂದ ಕೆಳಗೆ ಜೋಡಿಸುವ ಹೊಣೆ ಒಬ್ಬರದೇ ಆಗಿರಬೇಕು. ಚಾಟ್‌ನಲ್ಲಿ ಬಂದ ಕೆಲಸಕ್ಕೆ "ಟಿಕೆಟ್ ಮಾಡಿ, ಲೀಡ್ ಅವರನ್ನು ಸೇರಿಸಿ ಸರ್" ಎಂದು ಉತ್ತರಿಸುವುದು ಉದ್ಧಟತನವಲ್ಲ. ಅದೇ ಸರಿಯಾದ ದಾರಿ.

4. "ಆಗಲ್ಲ" ಎನ್ನಲು ಬಾಯಿ ಬರದಿದ್ದರೆ ಲೆಕ್ಕ ಹೇಳಿ

ನಮ್ಮ ಕಡೆಯ ಮಕ್ಕಳಿಗೆ ಇದು ಬಹಳ ಕಷ್ಟ. ಮನೆತನದಲ್ಲಿ ಮೊದಲ ಸಲ ತಿಂಗಳ ಸಂಬಳ ಕಂಡವರು ಇವರು. ಶಿಕ್ಷಣ ಸಾಲದ ಕಂತು, ಅಪ್ಪನ ಬೆಳೆಸಾಲ, ತಂಗಿಯ ಮದುವೆ ಎಲ್ಲವೂ ಆ ಸಂಬಳದ ಮೇಲೆ ನಿಂತಿರುತ್ತದೆ. ಹಿರಿಯರ ಮಾತಿಗೆ ಎದುರಾಡಬಾರದು ಎಂದು ಕಲಿತು ಬಂದವರು. ಮೇಲೆ ಇಂಗ್ಲಿಷ್‌ನಲ್ಲಿ ವಾದ ಮಾಡಬೇಕಾದ ಅಳುಕು. ಹಾಗಾಗಿ ಮೀಟಿಂಗ್‌ನಲ್ಲಿ "ಎಸ್" ಎಂದು ಬಂದು, ರಾತ್ರಿ ಎರಡರವರೆಗೆ ಕುಳಿತು ಆ "ಎಸ್" ತೀರಿಸುತ್ತಾರೆ. ಇಂಥ ಮೌನವನ್ನು ವಿನಯ ಎಂದು ತಿಳಿದು ಇನ್ನಷ್ಟು ಕೆಲಸ ಹೊರಿಸುವ ಮ್ಯಾನೇಜರ್‌ಗಳನ್ನು ನಾನು ನೋಡಿದ್ದೇನೆ.

"ಆಗಲ್ಲ" ಎನ್ನಬೇಕಾಗಿಯೇ ಇಲ್ಲ. ಹೀಗೆ ಬರೆಯಿರಿ: "ಸರ್, ಈಗ ಎ ಮತ್ತು ಬಿ ನನ್ನ ಕೈಯಲ್ಲಿವೆ. ಎ ಗುರುವಾರ ಮುಗಿಯುತ್ತದೆ. ಸಿ ಇವತ್ತೇ ಶುರು ಮಾಡಿದರೆ ಎ ಮುಂದಿನ ಮಂಗಳವಾರಕ್ಕೆ ಹೋಗುತ್ತದೆ. ಯಾವುದು ಮೊದಲು ಬೇಕು?" ಇದರಲ್ಲಿ ನಿರಾಕರಣೆ ಇಲ್ಲ, ದೂರು ಇಲ್ಲ; ಇದು ಬರೀ ಲೆಕ್ಕ. ಮಾತಿನಲ್ಲಿ ತಡವರಿಸಿದರೆ ಚಾಟ್‌ನಲ್ಲೋ ಮೇಲ್‌ನಲ್ಲೋ ಹಾಕಿ. ಮೊದಲೇ ಬರೆದಿಟ್ಟುಕೊಂಡು ಮೀಟಿಂಗ್‌ನಲ್ಲಿ ಓದಿದರೂ ಆಗುತ್ತದೆ. ಮ್ಯಾನೇಜರ್‌ಗೂ ಮೇಲಿನವರಿಗೆ ತೋರಿಸಲು ಒಂದು ಆಧಾರ ಸಿಗುತ್ತದೆ. ಹೀಗೆ ಕೇಳಿದವರನ್ನು ನಾನು ಒಂದು ದಿನವೂ ಕೆಲಸಗಳ್ಳರೆಂದು ಎಣಿಸಿಲ್ಲ. ಅವರ ಮಾತನ್ನೇ ನಂಬಿ ತಾರೀಖು ಕೊಟ್ಟಿದ್ದೇನೆ.

5. ಅಡ್ಡಿಗಳಿಗೆ ಒಂದು ಹೊತ್ತು ಗೊತ್ತು ಮಾಡಿ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಕಚೇರಿಗಳಲ್ಲಿ ಕುಳಿತು ಜನ ಕೆಲಸ ಮಾಡುವುದನ್ನೇ ಗಮನಿಸಿ ದಾಖಲಿಸಿದವರು. ತುಂಡಾದ ಕೆಲಸಕ್ಕೆ ಮರಳಲು ಸರಾಸರಿ 23 ನಿಮಿಷಕ್ಕೂ ತುಸು ಹೆಚ್ಚು ಹಿಡಿಯುತ್ತದೆ ಎಂಬುದು ಅವರ ಅಳತೆ. 2008ರಲ್ಲಿ ಅವರ ತಂಡ ಪ್ರಕಟಿಸಿದ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಅಡ್ಡಿಯಾದವರು ಕೆಲಸವನ್ನು ನಿಧಾನವಾಗಿ ಮುಗಿಸಲಿಲ್ಲ, ಬೇಗ ಬೇಗ ಮುಗಿಸಿದರು; ಆದರೆ ಅವರಲ್ಲಿ ಒತ್ತಡ, ಹತಾಶೆ, ಅವಸರ ಹೆಚ್ಚಾಗಿತ್ತು. ಹೊರಗಿನಿಂದ ನೋಡುವ ಮ್ಯಾನೇಜರ್‌ಗೆ ಕೆಲಸ ಸಾಗುತ್ತಿದೆ ಎನಿಸುತ್ತದೆ. ಬೆಲೆ ತೆರುವುದು ಕುಳಿತವರ ಜೀವ.

ನಮ್ಮ ತಂಡದಲ್ಲಿ ಫಲ ಕೊಟ್ಟ ಮೂರು ಕ್ರಮಗಳು: ವಾರಕ್ಕೊಬ್ಬರು ಸರದಿಯಂತೆ ಹೊರಗಿನ ಪ್ರಶ್ನೆ, ಸಪೋರ್ಟ್ ಕರೆ ಎಲ್ಲವನ್ನೂ ನೋಡಿಕೊಳ್ಳುತ್ತಾರೆ, ಉಳಿದವರನ್ನು ಯಾರೂ ಕರೆಯುವಂತಿಲ್ಲ, ಸರದಿಯಲ್ಲಿರುವವರಿಗೆ ಆ ವಾರ ಬೇರೆ ದೊಡ್ಡ ಕೆಲಸ ಕೊಡುವುದಿಲ್ಲ. ಬೆಳಿಗ್ಗೆ 10ರಿಂದ 1ರವರೆಗೆ ಮೀಟಿಂಗ್ ಇಲ್ಲ. ಕೋಡ್ ರಿವ್ಯೂಗೆ ಮಧ್ಯಾಹ್ನ ಊಟದ ನಂತರದ ಹೊತ್ತು ಮೀಸಲು.

ಕೆಲಸದ ನಡುವೆ ಏಳಲೇಬೇಕಾಗಿ ಬಂದರೆ ಏಳುವ ಮೊದಲು ಎರಡು ಸಾಲು ಬರೆದಿಡಿ: "ಇಲ್ಲಿಯವರೆಗೆ ಮುಗಿದಿದೆ, ಮುಂದೆ ಇದನ್ನು ನೋಡಬೇಕು." ಫೇಲ್ ಆಗುವ ಒಂದು ಟೆಸ್ಟ್ ಬರೆದು ಬಿಟ್ಟು ಹೋದರೆ ಇನ್ನೂ ಒಳ್ಳೆಯದು. ಮರಳಿ ಬಂದಾಗ ಆ ಟೆಸ್ಟೇ ಎಲ್ಲಿಂದ ಹಿಡಿಯಬೇಕೆಂದು ತೋರಿಸುತ್ತದೆ.

6. ಅಂದಾಜು ಕೊಡುವಾಗ ಬರೀ ಕೋಡ್ ಎಣಿಸಬೇಡಿ

"ಎಷ್ಟು ದಿನ ಬೇಕು?" ಎಂದು ಕೇಳಿದಾಗ ಹೊಸಬರು ಟೈಪ್ ಮಾಡುವ ಸಮಯವನ್ನಷ್ಟೇ ಹೇಳುತ್ತಾರೆ. ಐಬಿಎಂನಲ್ಲಿ ದೊಡ್ಡ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಕೆಲಸ ನಡೆಸಿದ ಫ್ರೆಡ್ ಬ್ರೂಕ್ಸ್ 1975ರ 'ದಿ ಮಿಥಿಕಲ್ ಮ್ಯಾನ್-ಮಂತ್' ಪುಸ್ತಕದಲ್ಲಿ ಕೊಟ್ಟ ಹಂಚಿಕೆ ಹೀಗಿದೆ: ಒಟ್ಟು ಸಮಯದ ಮೂರನೇ ಒಂದು ಪಾಲು ಯೋಜನೆಗೆ, ಆರನೇ ಒಂದು ಪಾಲು ಕೋಡ್ ಬರೆಯಲು, ಉಳಿದ ಅರ್ಧ ಪೂರ್ತಿ ಪರೀಕ್ಷೆಗೆ. ಕೋಡ್‌ಗೆ ಎರಡು ದಿನ ಎಂದರೆ ಕೆಲಸ ಹನ್ನೆರಡು ದಿನದ್ದು. ಇಂದಿನ ಸಾಧನಗಳಲ್ಲಿ ಪಾಲುಗಳು ಬದಲಾಗಬಹುದು, ಆದರೆ ಕೋಡ್ ಬರೆಯುವುದು ಚಿಕ್ಕ ಪಾಲು ಎಂಬ ಮಾತು ಹಾಗೆಯೇ ಇದೆ. ರಿವ್ಯೂ, ಟೆಸ್ಟಿಂಗ್, ಡಿಪ್ಲಾಯ್‌ಮೆಂಟ್, ಇನ್ನೊಂದು ತಂಡದ ಉತ್ತರಕ್ಕೆ ಕಾಯುವುದು ಎಲ್ಲವನ್ನೂ ಬಾಯಿಬಿಟ್ಟು ಹೇಳಿ. ದಿನಕ್ಕೆ ಎಂಟು ತಾಸು ಕೆಲಸ ಎಂದಿದ್ದರೂ ಯೋಜನೆಯಲ್ಲಿ ಐದು ತಾಸಿಗಿಂತ ಹೆಚ್ಚು ತುಂಬಿಸಬೇಡಿ.

ಅದೇ ಪುಸ್ತಕದ ಇನ್ನೊಂದು ಮಾತು ಮ್ಯಾನೇಜರ್‌ಗಳಿಗೆ: ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಹೊಸ ಜನರನ್ನು ಸೇರಿಸಿದರೆ ಇನ್ನೂ ತಡವಾಗುತ್ತದೆ. ಹೊಸಬರಿಗೆ ಕಲಿಸುವ ಹೊರೆ ಮೊದಲೇ ಸೋತವರ ಮೇಲೆ ಬೀಳುತ್ತದೆ. ತಡವಾದಾಗ ಜನ ಸೇರಿಸುವುದಕ್ಕಿಂತ ಕೆಲಸ ಕಡಿಮೆ ಮಾಡುವುದು ಲೇಸು.

7. ರಾತ್ರಿ ಕರೆಯೂ ಕೆಲಸ, ದುರಸ್ತಿಯೂ ಕೆಲಸ

ಪ್ರೊಡಕ್ಷನ್ ಬಿದ್ದಾಗ ರಾತ್ರಿ ಮೂರಕ್ಕೆ ಏಳುವ ಆನ್-ಕಾಲ್ ಸರದಿಯನ್ನು ಬಹಳ ಕಡೆ ಕೆಲಸವೆಂದೇ ಎಣಿಸುವುದಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಮತ್ತೆ ಸ್ಟ್ಯಾಂಡಪ್‌ಗೆ ಹಾಜರಿರಬೇಕು. ಗೂಗಲ್‌ನ ವ್ಯವಸ್ಥೆ ಕಾಯುವ ಎಂಜಿನಿಯರ್‌ಗಳು 2016ರಲ್ಲಿ ಹೊರತಂದ ಪುಸ್ತಕದಲ್ಲಿ, ಒಂದು ಪಾಳಿಯಲ್ಲಿ ಎರಡಕ್ಕಿಂತ ಹೆಚ್ಚು ಅವಘಡಗಳನ್ನು ಒಬ್ಬರು ಸರಿಯಾಗಿ ನಿಭಾಯಿಸಲಾರರು ಎಂದು ಮಿತಿ ಹಾಕಿದ್ದಾರೆ. ರಾತ್ರಿ ಎದ್ದವರಿಗೆ ಮರುದಿನ ಬಿಡುವು ಕೊಡಿ. ಏನಾದರೆ ಏನು ಮಾಡಬೇಕು ಎಂಬ ಹಾಳೆ ಬರೆದಿಡಿ. ಸುಮ್ಮನೆ ಬಡಿದುಕೊಳ್ಳುವ ಅಲರ್ಟ್‌ಗಳನ್ನು ವಾರಕ್ಕೊಮ್ಮೆ ಕೂತು ತೆಗೆದುಹಾಕಿ.

ಹಳೆಯ ಕೋಡ್ ಸರಿಪಡಿಸದೆ ಮುಂದೂಡುವುದನ್ನು ವಾರ್ಡ್ ಕನ್ನಿಂಗ್‌ಹ್ಯಾಮ್ 1992ರಲ್ಲಿ ಸಾಲಕ್ಕೆ ಹೋಲಿಸಿದರು. ಬಡ್ಡಿ ಕಟ್ಟುವವರು ರಾತ್ರಿ ಏಳುವ ಡೆವಲಪರ್‌ಗಳು. ಮುಂದೂಡಿದ ದುರಸ್ತಿ ಎಂಥದ್ದು ಎಂದು ನಮ್ಮ ಸೀಮೆಯೂ ಕಂಡಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟ್‌ಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದೊಳಗೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ನೀರು ಉಳಿಸಿದರು. ಆ ಸಾಹಸಕ್ಕೆ ನಾವೆಲ್ಲ ಕೈಮುಗಿದೆವು. ಆದರೆ ಗೇಟ್‌ಗಳನ್ನೆಲ್ಲ ಬದಲಿಸುವ ಸಲುವಾಗಿ 2025ರ ಕೊನೆಗೆ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನ ಬಂದಾಗ ಆ ಭಾರ ಹೊತ್ತವರು ರೈತರು. ಸಾಫ್ಟ್‌ವೇರ್‌ಗೂ ಇದೇ ಪಾಠ: ಪ್ರತಿ ರಿಲೀಸ್‌ನಲ್ಲೂ ದುರಸ್ತಿಗೆ ಐದನೇ ಒಂದು ಪಾಲು ಸಮಯ ಬಿಟ್ಟ ತಂಡಗಳಲ್ಲಿ ರಾತ್ರಿ ಕರೆ ಕಡಿಮೆಯಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

8. ಎಐ ಬಂದಿದೆ ಎಂದು ಇನ್ನಷ್ಟು ಕೆಲಸ ತುಂಬಬೇಡಿ

ಕೋಡ್ ಬರೆದುಕೊಡುವ ಎಐ ಸಾಧನಗಳು ನನಗೂ ನೆರವಾಗಿವೆ. ಆದರೆ "ಈಗ ಎಐ ಇದೆಯಲ್ಲ, ಅರ್ಧ ದಿನದಲ್ಲಿ ಮುಗಿಸಿ" ಎಂಬ ಮಾತು ಹೊಸ ಹೊರೆಯಾಗಿದೆ. 2025ರ ಜುಲೈನಲ್ಲಿ ಮೆಟರ್ ಎಂಬ ಸಂಸ್ಥೆ 16 ಅನುಭವಿ ಡೆವಲಪರ್‌ಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ತಮಗೆ ಚಿರಪರಿಚಿತವಾದ ಕೋಡ್‌ನಲ್ಲಿ ಎಐ ಬಳಸಿದಾಗ ಅವರಿಗೆ ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಶೇ 20ರಷ್ಟು ಬೇಗ ಮುಗಿಸಿದೆವು ಎಂದು ಅವರು ನಂಬಿದ್ದರು. ಸಣ್ಣ ಪ್ರಯೋಗ, ಎಲ್ಲ ಕೆಲಸಕ್ಕೂ ಅನ್ವಯಿಸುವುದಿಲ್ಲ, ಸಾಧನಗಳೂ ದಿನೇದಿನೇ ಬದಲಾಗುತ್ತಿವೆ. ಆದರೂ ಎಚ್ಚರಿಕೆ ಸ್ಪಷ್ಟವಿದೆ: ಯಂತ್ರ ಬರೆದದ್ದನ್ನು ಓದಿ, ಅರ್ಥಮಾಡಿಕೊಂಡು, ಹೊಣೆ ಹೊರುವವರು ಮನುಷ್ಯರು. ಆ ಓದುವ ಹೊತ್ತನ್ನೂ ಅಂದಾಜಿನಲ್ಲಿ ಸೇರಿಸಿ.

9. ಊರಿನಿಂದ ಕೆಲಸ ಮಾಡುವವರಿಗೆ ಗೋಡೆ ಬೇಕು

2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದವರು ಅನೇಕರು. ಊಟ, ಗಾಳಿ, ಅವ್ವನ ಕೈ ಅಡುಗೆ ಎಲ್ಲವೂ ಒಳ್ಳೆಯದೇ. ಆದರೆ ಮನೆಯಲ್ಲಿರುವವನು ಬಿಡುವಾಗಿದ್ದಾನೆ ಎಂಬುದು ಊರಿನ ಲೆಕ್ಕ. "ಮನ್ಯಾಗ ಅದಿಯಲ್ಲ ತಮ್ಮಾ, ಪಹಣಿ ತಗೊಂಡು ಬಾ." "ಸಿಂಧನೂರಿಗೆ ಹೋಗಿ ಗೊಬ್ಬರ ಹಾಕ್ಕೊಂಡು ಬಾ." ನಾಟಿಯ ಹೊತ್ತಿನಲ್ಲಿ, ಕೊಯ್ಲಿನ ಹೊತ್ತಿನಲ್ಲಿ ಇದು ಇನ್ನೂ ಹೆಚ್ಚು. ಇವರಲ್ಲಿ ಯಾರ ತಪ್ಪೂ ಇಲ್ಲ. ಅವರಿಗೆ ಕಾಣುವುದು ಕುರ್ಚಿಯಲ್ಲಿ ಕುಳಿತ ಮನುಷ್ಯ.

ಮನೆಯವರನ್ನು ಒಂದು ಸಲ ಕೂರಿಸಿಕೊಂಡು ಹೇಳಿ: ಈ ಹೊತ್ತಿನಿಂದ ಈ ಹೊತ್ತಿನವರೆಗೆ ನಾನು ಕಚೇರಿಯಲ್ಲಿದ್ದೇನೆ, ಮಧ್ಯಾಹ್ನ ಒಂದು ತಾಸು ನಿಮ್ಮ ಕೆಲಸಕ್ಕೆ. ಬಾಗಿಲಿರುವ ಕೋಣೆ ಹಿಡಿಯಿರಿ. ಇನ್ವರ್ಟರ್, ಬೇರೆ ಬೇರೆ ಕಂಪನಿಯ ಎರಡು ನೆಟ್ ಇರಲಿ. ಕರೆಂಟ್ ಹೋದಾಗಿನ ತಳಮಳವೇ ಅರ್ಧ ಒತ್ತಡ. ರಾಯಚೂರು ಸೀಮೆಯ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ತಂಡ ಒಪ್ಪಿದರೆ ತಲೆ ಬಳಸುವ ಕೆಲಸವನ್ನು ಬೆಳಗಿನ ಜಾವಕ್ಕೆ ತಂದುಕೊಳ್ಳಿ.

ಅಮೆರಿಕದ ತಂಡದೊಂದಿಗೆ ಕೆಲಸ ಮಾಡುವವರು ಇನ್ನೊಂದು ಲೆಕ್ಕ ಇಡಬೇಕು. ಅಲ್ಲಿನ ಪೂರ್ವ ತೀರದ ಬೆಳಿಗ್ಗೆ 9 ಎಂದರೆ ನಮಗೆ ಸಂಜೆ 6.30 ಅಥವಾ 7.30. ರಾತ್ರಿ ಕಾಲ್ ಇದ್ದ ದಿನ ಬೆಳಿಗ್ಗೆ ತಡವಾಗಿ ಶುರು ಮಾಡುವುದನ್ನು ತಂಡದ ನಿಯಮವಾಗಿಸಿ.

ಹೆಣ್ಣುಮಕ್ಕಳ ಮಾತು ಬೇರೆಯಾಗಿಯೇ ಹೇಳಬೇಕು. ಮನೆಯಿಂದ ಕೆಲಸ ಮಾಡುವ ಸೊಸೆ ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳಿಸಿ, ಕಾಲ್‌ನ ನಡುವೆ ಬಂದವರಿಗೆ ಚಹಾ ಮಾಡಿ, ರಾತ್ರಿ ಉಳಿದ ಕೋಡ್ ಬರೆಯುತ್ತಾಳೆ. ಅವಳ ಸಂಬಳ ಮನೆಗೆ ಬೇಕು ಎಂದಾದರೆ ಅವಳ ಕೆಲಸದ ಹೊತ್ತನ್ನೂ ಮನೆ ಕಾಯಬೇಕು. ಗಂಡಂದಿರು ಇದನ್ನು ಮೊದಲು ಓದಲಿ.

10. ದೇಹ ಹೇಳುವುದನ್ನು ಕೇಳಿ

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ಪ್ರಕಟಿಸಿದ ಅಧ್ಯಯನದಂತೆ, ವಾರಕ್ಕೆ 55 ತಾಸು ಅಥವಾ ಹೆಚ್ಚು ದುಡಿಯುವವರಿಗೆ 35ರಿಂದ 40 ತಾಸು ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. 2016ರೊಂದರಲ್ಲೇ ದೀರ್ಘ ದುಡಿಮೆಗೆ ಸಂಬಂಧಿಸಿ 7.45 ಲಕ್ಷ ಜನ ಸತ್ತಿದ್ದಾರೆ ಎಂಬುದು ಅದರ ಅಂದಾಜು. ವಾರಕ್ಕೆ 70, 90 ತಾಸು ದುಡಿಯಿರಿ ಎಂದು ದೊಡ್ಡವರು ವೇದಿಕೆಯ ಮೇಲೆ ಹೇಳಿದಾಗ ಈ ಅಂಕಿಗಳನ್ನು ನೆನಪಿಡಿ.

ಕೆಲಸದಿಂದ ಬಸವಳಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು ಲಕ್ಷಣಗಳಿಂದ ವಿವರಿಸಿತು: ಶಕ್ತಿಯೆಲ್ಲ ಬತ್ತಿದ ಭಾವ, ಕೆಲಸದಿಂದ ಮನಸ್ಸು ದೂರವಾಗುವುದು ಅಥವಾ ಅದರ ಮೇಲೆ ಜಿಗುಪ್ಸೆ, ತನ್ನಿಂದ ಏನೂ ಆಗುತ್ತಿಲ್ಲ ಎಂಬ ಅನಿಸಿಕೆ. ಭಾನುವಾರ ಸಂಜೆಯೇ ಎದೆ ಬಡಿದುಕೊಳ್ಳುವುದು, ಮನೆಯ ಫೋನ್ ಬಂದರೂ ಸಿಡುಕುವುದು, ನಿದ್ದೆಯಲ್ಲಿ ಕೆಲಸದ ಕನಸು ಇವು ವಾರಗಟ್ಟಲೆ ಇದ್ದರೆ ಯಾರಿಗಾದರೂ ಹೇಳಿ. ಊರಿನವರಿಗೆ ಹೇಳಲು ಸಂಕೋಚವಾದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಬೆನ್ನೆಲುಬು. ಹಗಲು ರಾತ್ರಿ ಯಾವಾಗಲೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

11. ಕಾನೂನು ಓದಿ, ಒಟ್ಟಾಗಿ ಮಾತಾಡಿ

ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ದುಡಿಯುವವರಿಗೆ ಪಾಳಿ ಎಂದರೇನು, ಓಟಿ (ಹೆಚ್ಚುವರಿ ದುಡಿಮೆ) ಎಂದರೇನು ಎಂದು ಗೊತ್ತು. ಅಲ್ಲಿ ಕಾರ್ಮಿಕ ಸಂಘವಿದೆ, ಅದರ ಚುನಾವಣೆ ಇಡೀ ಸೀಮೆಗೆ ಸುದ್ದಿ. ಅದೇ ತಾಲ್ಲೂಕಿನಿಂದ ಬೆಂಗಳೂರಿಗೆ ಹೋಗಿ ಎಸಿ ಕೋಣೆಯಲ್ಲಿ ಕುಳಿತ ಮಕ್ಕಳಿಗೆ ತಮ್ಮ ದುಡಿಮೆಯ ಮಿತಿಯೇ ಗೊತ್ತಿಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಎಂದು ಮಿತಿ ಹಾಕಿತು. ಅದಕ್ಕಿಂತ ಹೆಚ್ಚಿನ ದುಡಿಮೆಗೆ ಎರಡು ಪಟ್ಟು ಕೂಲಿ ಎಂದಿತು. ಐಟಿ ಕಂಪನಿಗಳಿಗೆ ಕೈಗಾರಿಕಾ ಸ್ಥಾಯಿ ಆದೇಶಗಳ ಕಾಯ್ದೆಯಿಂದ ರಾಜ್ಯ ಸರ್ಕಾರ ಹಲವು ಸಲ ವಿನಾಯಿತಿ ಕೊಟ್ಟಿತಾದರೂ, ಕುಂದುಕೊರತೆ ಸಮಿತಿ ಇರಲೇಬೇಕು ಎಂಬುದು ಆ ವಿನಾಯಿತಿಯ ಷರತ್ತುಗಳಲ್ಲಿ ಒಂದಾಗಿತ್ತು.

2024ರ ಜುಲೈನಲ್ಲಿ ಐಟಿ ವಲಯದ ದಿನದ ದುಡಿಮೆಯನ್ನು 14 ತಾಸಿನವರೆಗೆ ಹೆಚ್ಚಿಸುವ ಪ್ರಸ್ತಾವ ಬಂತು. 2025ರಲ್ಲಿ ಓಟಿ ಸೇರಿ ದಿನಕ್ಕೆ 12 ತಾಸು, ಮೂರು ತಿಂಗಳ ಓಟಿ ಮಿತಿಯನ್ನು 50ರಿಂದ 144 ತಾಸಿಗೆ ಏರಿಸುವ ಇನ್ನೊಂದು ಪ್ರಸ್ತಾವ ಬಂತು. ಎರಡನ್ನೂ ಎದುರಿಸಿದ್ದು ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ. 2025ರ ಮಾರ್ಚ್ 9ರಂದು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಈ ಸಂಘ ಕರೆದ ಪ್ರತಿಭಟನೆಯಲ್ಲಿ ಡೆವಲಪರ್‌ಗಳೇ ಬೀದಿಗಿಳಿದು ಕೆಲಸಕ್ಕೂ ಬದುಕಿಗೂ ಸಮತೋಲ ಕೇಳಿದರು. ಕೆಲಸದ ಹೊತ್ತು ಮುಗಿದ ಮೇಲೆ ಫೋನ್ ಎತ್ತದಿರುವ ಹಕ್ಕನ್ನು ಫ್ರಾನ್ಸ್ 2017ರಲ್ಲಿ, ಆಸ್ಟ್ರೇಲಿಯಾ 2024ರಲ್ಲಿ ಕಾನೂನಾಗಿಸಿವೆ. ಅದು ಇಲ್ಲಿಯೂ ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಬ್ಬೊಬ್ಬರೇ ಮಾಡಿಕೊಳ್ಳುವ ಶಿಸ್ತು ಒಂದು ಹಂತದವರೆಗೆ ಕಾಯುತ್ತದೆ. ಹತ್ತು ಜನರ ಕೆಲಸ ಆರು ಜನರ ಮೇಲೆ ಹೊರಿಸಿದ ಕಡೆ ಶಿಸ್ತು ಸಾಲದು, ಸಂಘಟನೆ ಬೇಕು.

ಈಗ ಎರಡು ಮಾತು, ಇಬ್ಬರಿಗೆ.

ತಂಡ ನಡೆಸುವವರಿಗೆ: ನಿಮ್ಮ ಕೈಕೆಳಗಿನವರು "ಆಯಿತು ಸರ್" ಎಂದರೆ ಸಾಕು ಎಂದುಕೊಳ್ಳಬೇಡಿ. ಅವರ ಕೈಯಲ್ಲಿ ಈಗ ಎಷ್ಟಿದೆ ಎಂದು ನೀವೇ ಕೇಳಿ, ಹೊಸದು ಕೊಡುವ ಮೊದಲು ಹಳೆಯದನ್ನು ನೀವೇ ತೆಗೆಯಿರಿ. ರಾತ್ರಿ ಹತ್ತರ ಮೇಲೆ ಮೆಸೇಜ್ ಹಾಕುವುದನ್ನು ನೀವು ಬಿಟ್ಟರೆ ಇಡೀ ತಂಡ ಬಿಡುತ್ತದೆ.

ಸಿಂಧನೂರು, ಮಸ್ಕಿ, ಲಿಂಗಸುಗೂರಿನಿಂದ ಈ ಕೆಲಸಕ್ಕೆ ಹೊರಟ ತಮ್ಮಂದಿರಿಗೆ, ತಂಗಿಯರಿಗೆ: ನಿಮ್ಮ ಓದಿಗೆ ಇಡೀ ಮನೆ ಬೆವರು ಸುರಿಸಿದೆ, ಆ ಋಣ ನಿಮಗೆ ಗೊತ್ತಿದೆ. ಆದರೆ ಆ ಋಣ ತೀರಿಸಲು ನೀವು ಆರೋಗ್ಯವಾಗಿ ಬಹಳ ವರ್ಷ ದುಡಿಯಬೇಕು. ನಾಳೆ ಬೆಳಿಗ್ಗೆ ಕೆಲಸಕ್ಕೆ ಕುಳಿತಾಗ ನಿಮ್ಮ ಹೆಸರಿನಲ್ಲಿ ತೆರೆದಿರುವ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ, ಅದನ್ನು ನಿಮ್ಮ ಲೀಡ್ ಮುಂದೆ ಇಡಿ, ಯಾವುದು ಮೊದಲು ಎಂದು ಕೇಳಿ. ಉಳಿದ ಹತ್ತು ಪಾಠಗಳನ್ನು ಆಮೇಲೆ ಕಲಿಯಬಹುದು; ಇದನ್ನು ನಾಳೆಯೇ ಮಾಡಿ.